ಸ್ಟೇಜ್ ಯಾವಾಗ ಅಂತ ಕೇಳುವ ಮೊದಲು ನೆಲ ಯಾವುದು ಅಂತ ನೋಡಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ಪೇಪರ್ ಬಿಡಿಸಿದಾಗ ಒಳಗಿಂದ ನಾಲ್ಕು ಪಾಂಪ್ಲೆಟ್ ಉದುರಿದವು. ಒಂದು ಸೋಫಾ ಅಂಗಡಿಯದು. ಮಿಕ್ಕ ಮೂರೂ ಡ್ಯಾನ್ಸ್ ಕ್ಲಾಸಿನವು. ಒಂದರಲ್ಲಿ ಭರತನಾಟ್ಯ, ವೆಸ್ಟರ್ನ್, ಜುಂಬಾ ಎಲ್ಲಾ ಒಂದೇ ಕಡೆ ಅಂತ ಇತ್ತು. ಇನ್ನೊಂದರಲ್ಲಿ ಮೂರೇ ತಿಂಗಳಲ್ಲಿ ನಿಮ್ಮ ಮಗು ಸ್ಟೇಜ್ ಮೇಲೆ ಅಂತ ದಪ್ಪ ಅಕ್ಷರ. ಬೇಸಿಗೆ ರಜೆ ಮುಗಿಯುತ್ತಾ ಬಂತು. ಜೂನ್ ಅಂದರೆ ಸೇರಿಸುವ ಕಾಲ. ಅದಕ್ಕೇ ಈ ಕಾಗದ ಬರೆಯುತ್ತಿದ್ದೇನೆ.

ನಾನು ನೃತ್ಯ ಬಲ್ಲವನಲ್ಲ. ಮೈಸೂರಿನಲ್ಲಿ ಇಪ್ಪತ್ತೊಂದು ವರ್ಷದಿಂದ ಆಟೊ ಓಡಿಸುತ್ತಿದ್ದೇನೆ. ಬೆಳಿಗ್ಗೆ ಸ್ಕೂಲ್ ಟ್ರಿಪ್. ಸಂಜೆ ಟ್ಯೂಷನ್, ಕರಾಟೆ, ಸಂಗೀತ, ಡ್ಯಾನ್ಸ್. ಕುವೆಂಪುನಗರ, ಸರಸ್ವತಿಪುರಂ, ಜಯಲಕ್ಷ್ಮೀಪುರಂ ಕಡೆ ಎಷ್ಟೋ ಡ್ಯಾನ್ಸ್ ಕ್ಲಾಸಿನ ಗೇಟಿನ ಮುಂದೆ ಗಂಟೆಗಟ್ಟಲೆ ಕಾದಿದ್ದೇನೆ. ನನ್ನ ಮಗಳೂ ಎಂಟು ವರ್ಷದಿಂದ ಭರತನಾಟ್ಯ ಕಲಿಯುತ್ತಿದ್ದಾಳೆ. ಹೊರಗೆ ಕಾಯುವವನಿಗೆ ಏನೂ ಕಾಣುವುದಿಲ್ಲ, ನಿಜ. ಆದರೆ ತುಂಬಾ ಕೇಳಿಸುತ್ತದೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ.

2017ರ ಜೂನ್‌ನಲ್ಲಿ ಮಗಳಿಗೆ ಆರು ತುಂಬಿತ್ತು. ಟಿವಿ ಮುಂದೆ ನಿಂತು ಕುಣಿಯುತ್ತಿದ್ದಳು. ನೆಂಟರೆಲ್ಲ "ಇವಳನ್ನ ಡ್ಯಾನ್ಸಿಗೆ ಹಾಕಿ" ಅನ್ನುತ್ತಿದ್ದರು. ಹತ್ತಿರದಲ್ಲೇ ಒಂದು ಕ್ಲಾಸ್ ಇತ್ತು. ಕೆಳಗೆ ಮೆಡಿಕಲ್ ಶಾಪ್, ಎರಡನೇ ಮಹಡಿಯಲ್ಲಿ ಕ್ಲಾಸ್. ಹೆಸರು ಬೇಡ, ಈಗಲೂ ನಡೆಯುತ್ತಿದೆ. ನಾನು ಕೇಳಿದ್ದು ಎರಡೇ ಪ್ರಶ್ನೆ. ತಿಂಗಳಿಗೆ ಎಷ್ಟು? ಸ್ಟೇಜ್ ಮೇಲೆ ಯಾವಾಗ ಹತ್ತಿಸ್ತೀರಿ? ಎಂಟುನೂರು ಅಂದರು. ದಸರಾ ಹೊತ್ತಿಗೆ ಅಂದರು. ನನಗೆ ಖುಷಿಯೋ ಖುಷಿ.

ಏಳು ತಿಂಗಳು ಮಗಳನ್ನು ಕೆಳಗೆ ಇಳಿಸಿ ಆಟೊದಲ್ಲೇ ಕೂತೆ. ಒಂದು ದಿನವೂ ಮೆಟ್ಟಿಲು ಹತ್ತಲಿಲ್ಲ.

ಚಳಿಗಾಲದಲ್ಲಿ ರಾತ್ರಿ ಹೊತ್ತು ಕಾಲು ನೋವು ಅಂತ ಅಳಲು ಶುರು ಮಾಡಿದಳು. ಬೆಳೆಯೋ ಮಕ್ಕಳಿಗೆ ಇದೆಲ್ಲ ಇರುತ್ತೆ ಅಂತ ಅಜ್ಜಿ ಎಣ್ಣೆ ಹಚ್ಚಿದರು. ಆಮೇಲೆ ಬೆಳಿಗ್ಗೆಯೂ ಕುಂಟತೊಡಗಿದಳು. ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಮಂಡಿಯಿಂದ ಕೆಳಗೆ ಕಾಲಿನ ಮುಂದಿನ ಮೂಳೆಯನ್ನು ಹೆಬ್ಬೆರಳಿನಲ್ಲಿ ಒತ್ತುತ್ತಾ ಬಂದರು. ಒಂದು ಜಾಗಕ್ಕೆ ಬಂದಾಗ ಮಗಳು ಚೀರಿದಳು. "ಏನು ಆಟ ಆಡ್ತಾಳೆ?" ಅಂದರು. ಭರತನಾಟ್ಯ ಸಾರ್ ಅಂದೆ. "ನೆಲ ಯಾವುದು?" ಅಂದರು.

ನನಗೆ ಗೊತ್ತಿರಲಿಲ್ಲ. ಮಗಳೇ ಹೇಳಿದಳು, "ಟೈಲ್ಸ್, ಡಾಕ್ಟರ್ ಅಂಕಲ್. ಜಾರುತ್ತೆ."

ಆರು ವಾರ ಕುಣಿತ ಬೇಡ ಅಂದರು. ಮನೆಗೆ ಬರುವ ದಾರಿಯಲ್ಲಿ ನನಗೆ ಎಷ್ಟು ನಾಚಿಕೆ ಆಯಿತು ಅಂದರೆ, ಯಾಕೆ ಅಂತ ಹೇಳುತ್ತೇನೆ ಕೇಳಿ. ಹುಡುಗನಾಗಿದ್ದಾಗ ನಾನು ಎರಡು ವರ್ಷ ಗರಡಿಗೆ ಹೋದವನು. ಮೈಸೂರಿನ ಗರಡಿ ಮನೆಯ ಕೆಮ್ಮಣ್ಣು ನೋಡಿದವರಿಗೆ ಗೊತ್ತು. ಎಣ್ಣೆ, ಮಜ್ಜಿಗೆ, ಅರಿಶಿನ ಎಲ್ಲ ಸೇರಿಸಿ ಹದ ಮಾಡಿರುತ್ತಾರೆ. ಉಸ್ತಾದರು ನಮ್ಮ ಕೈಗೆ ಮೊದಲು ಕೊಟ್ಟಿದ್ದೇ ಗುದ್ದಲಿ. ಪಟ್ಟು ಆಮೇಲೆ, ಮೊದಲು ಮಣ್ಣು ಕೆದಕಿ ಸಡಿಲ ಮಾಡು ಅನ್ನುತ್ತಿದ್ದರು. ಬೀಳುವವನಿಗೆ ಮೆತ್ತಗಿನ ನೆಲ ಬೇಕು ಅಂತ ಕಲಿತ ನಾನು, ಗಂಟೆಗೆ ಸಾವಿರ ಸಲ ಅಂಗಾಲು ಬಡಿಯುವ ಮಗುವನ್ನು ಸಿಮೆಂಟಿಗೆ ಅಂಟಿಸಿದ ಟೈಲ್ಸ್ ಮೇಲೆ ನಿಲ್ಲಿಸಿದ್ದೆ.

ಭರತನಾಟ್ಯ ಬರಿಗಾಲಿನ ವಿದ್ಯೆ. ಓಡುವವರಿಗಾದರೆ ಶೂ ಇರುತ್ತದೆ. ಇಲ್ಲಿ ಮಗುವಿನ ಮೂಳೆಗೂ ನೆಲಕ್ಕೂ ಮಧ್ಯೆ ಅಂಗಾಲಿನ ಚರ್ಮ ಬಿಟ್ಟರೆ ಏನೂ ಇಲ್ಲ. ಅದೂ ಅರಮಂಡಿಯಲ್ಲಿ, ಅಂದರೆ ಮಂಡಿ ಎರಡೂ ಪಕ್ಕಕ್ಕೆ ಮಡಚಿ ಅರ್ಧ ಕೂತು ಬಡಿಯಬೇಕು. ಕ್ಲಾಸಿನವರು ನೆಲಕ್ಕೆ ಏನು ಹಾಕಿದ್ದಾರೆ ಅನ್ನುವುದು ಸಣ್ಣ ವಿಷಯ ಅಲ್ಲ. ಕೆಳಗೆ ಸ್ವಲ್ಪ ಟೊಳ್ಳು ಬಿಟ್ಟು ಮರದ ಹಲಗೆ ಹಾಸಿದ್ದರೆ ಎಲ್ಲಕ್ಕಿಂತ ಒಳ್ಳೆಯದು. ಗ್ರಾನೈಟ್, ಟೈಲ್ಸ್, ಬರೀ ಸಿಮೆಂಟ್ ಮೇಲೆ ವಾರಕ್ಕೆ ಮೂರು ದಿನ ಅಂದರೆ ದಯವಿಟ್ಟು ಯೋಚನೆ ಮಾಡಿ. ಸಿಮೆಂಟ್ ಮೇಲೆ ತೆಳ್ಳನೆ ಕಾರ್ಪೆಟ್ ಎಳೆದಿದ್ದರೂ ಅದು ಸಿಮೆಂಟೇ.

ಹತ್ತಿ ನೋಡಲು ಸಂಕೋಚ ಆದರೆ ಕೆಳಗೆ ನಿಂತು ಕಿವಿ ಕೊಡಿ. ಟೈಲ್ಸ್ ಮೇಲೆ ಕಾಲು ಬಿದ್ದರೆ ಚಟ್ ಚಟ್ ಅಂತ ಒಣ ಸದ್ದು. ಹಲಗೆ ಮೇಲೆ ದಪ್ ದಪ್ ಅಂತ ಡೋಲು ಬಾರಿಸಿದ ಹಾಗೆ. ನಾನೀಗ ಆಟೊದಲ್ಲಿ ಕೂತೇ ಹೇಳಬಲ್ಲೆ.

ಎರಡನೇ ಕ್ಲಾಸ್ ಹುಡುಕಿಕೊಟ್ಟದ್ದು ನನ್ನ ಆಟೊದಲ್ಲೇ ಬರುತ್ತಿದ್ದ ಒಬ್ಬ ದೊಡ್ಡ ಹುಡುಗಿ. ಹಳೇ ಮನೆ, ಮುಂದೆ ಸಂಪಿಗೆ ಮರ. ಹಜಾರದ ತುಂಬ ಹಲಗೆ. ಟೀಚರಿಗೆ ಅರವತ್ತು ದಾಟಿದೆ. ತಾಳ ಹಾಕುವ ಕೋಲು ಹಿಡಿದು ಮರದ ಮಣೆ ಮುಂದೆ ಕೂತರೆ ಎರಡು ಗಂಟೆ ಏಳುವುದಿಲ್ಲ. ಈ ಸಲ ನಾನು ಮೊದಲೇ ಚಪ್ಪಲಿ ಬಿಟ್ಟು ಒಳಗೆ ಹೋಗಿ ಹಲಗೆ ಮೇಲೆ ಒಂದು ಸಲ ಕಾಲು ತಟ್ಟಿ ನೋಡಿದೆ. ಮಕ್ಕಳೆಲ್ಲ ಕಿಸಕ್ ಅಂದರು. ಟೀಚರ್ ನಗಲಿಲ್ಲ. "ಇಷ್ಟು ವರ್ಷದಲ್ಲಿ ನೆಲ ನೋಡಿದ ಮೊದಲನೇ ತಂದೆ ನೀವು" ಅಂದರು. ಅದು ಹೊಗಳಿಕೆ ಅಲ್ಲ ಅಂತ ನನಗೆ ಗೊತ್ತಿತ್ತು. ಏಳು ತಿಂಗಳು ತಡವಾಗಿ ಕಲಿತ ಬುದ್ಧಿ ಅದು.

ನಿಮ್ಮ ಗುರುಗಳು ಯಾರು ಅಂತಲೂ ಕೇಳಿದೆ. ಹಾಗೆ ಕೇಳಿದರೆ ಅವಮಾನ ಅಂತ ಬಹಳ ಜನ ಸುಮ್ಮನಿರುತ್ತಾರೆ. ಈ ವಿದ್ಯೆಯಲ್ಲಿ ಅದು ಅವಮಾನ ಅಲ್ಲ. ಸರಿಯಾಗಿ ಕಲಿತವರು ಸಂತೋಷದಿಂದ ಹೇಳುತ್ತಾರೆ. ನಮ್ಮ ಟೀಚರ್ ಅಂತೂ ಅರ್ಧ ಗಂಟೆ ಹೇಳಿದರು. ಜಟ್ಟಿ ತಾಯಮ್ಮನವರ ಕತೆ, ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮನವರ ಕತೆ. ವೆಂಕಟಲಕ್ಷಮ್ಮನವರು ಅರಮನೆಯಲ್ಲಿ ನರ್ತಕಿಯಾಗಿದ್ದವರು, ಆಮೇಲೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು, 1992ರಲ್ಲಿ ಪದ್ಮಭೂಷಣ ಬಂತು ಅಂತ. ತಾಯಮ್ಮನವರು ಜಟ್ಟಿಗಳ ಮನೆಯ ಮಗಳು ಅಂದಾಗ ನಾನು ಕೂತಲ್ಲೇ ನೆಟ್ಟಗಾದೆ. ಪೈಲ್ವಾನರ ಮನೆಯಿಂದ ಅಭಿನಯಕ್ಕೆ ಹೆಸರಾದ ನರ್ತಕಿ! ಇದೇ ಊರಿನಲ್ಲಿ ಹುಟ್ಟಿ ಬೆಳೆದ ನನಗೆ ಅದು ಗೊತ್ತೇ ಇರಲಿಲ್ಲ.

ಆಮೇಲೆ ಶುರುವಾಯಿತು ನಮ್ಮ ಮನೆಯವಳ ಗೊಣಗಾಟ. ನಾಲ್ಕು ತಿಂಗಳು ಬರೀ ತಟ್ಟಡವು, ಅಂದರೆ ಕಾಲು ತಟ್ಟುವ ಮೊದಲನೇ ಹೆಜ್ಜೆ ಪಾಠ. ತೈಯಾ ತೈ, ತೈಯಾ ತೈ. ಮೊದಲು ನಿಧಾನದ ಒಂದನೇ ಕಾಲ, ಅದು ಕೂತ ಮೇಲೆ ಅದಕ್ಕಿಂತ ಜೋರಿನ ಎರಡನೇ ಕಾಲ, ಆಮೇಲೆ ಮೂರನೇ ಕಾಲ. "ರೀ, ಆ ಕ್ಲಾಸಲ್ಲಿ ಇಷ್ಟೊತ್ತಿಗೆ ಎರಡು ಹಾಡು ಕಲಿಸಿದ್ರು" ಅಂದಳು. ಹೌದು, ಕಲಿಸಿದ್ದರು. ಆ ಎರಡು ಹಾಡು ಬಿಟ್ಟರೆ ಮಗಳಿಗೆ ಇನ್ನೇನೂ ಬರುತ್ತಿರಲಿಲ್ಲ. ನೆಟ್ಟಗೆ ನಿಲ್ಲಲೂ ಬರುತ್ತಿರಲಿಲ್ಲ. ಹೊಸ ಟೀಚರ್ ಅವಳ ಅರಮಂಡಿ ನೋಡಿ ಮೊದಲು ಹೇಳಿದ್ದು, ಮಂಡಿ ಒಳಕ್ಕೆ ವಾಲುತ್ತಿದೆ, ಕಾಲ್ಬೆರಳು ಯಾವ ಕಡೆಗೋ ಮಂಡಿಯೂ ಆ ಕಡೆಗೇ ಹೋಗಬೇಕು ಅಂತ. ತೊಡೆಯ ಬುಡದಿಂದ ತಿರುಗಬೇಕಂತೆ. ಅಷ್ಟು ತಿರುಗದಿದ್ದರೆ ಕಡಿಮೆ ಕೂರಲಿ ಅಂದರು, ಅದುಮಲಿಲ್ಲ. ಬೇರೆ ಕಡೆ ಮಕ್ಕಳ ಭುಜ ಹಿಡಿದು ಕೆಳಕ್ಕೆ ಅದುಮುವುದನ್ನು ನಾನೇ ಕಿಟಕಿಯಿಂದ ನೋಡಿದ್ದೇನೆ. ಅಂಥ ಕಡೆ ಮಗು ಬಿಡಬೇಡಿ.

ಕೊರೊನಾ ಕಾಲದಲ್ಲಿ ಮೊಬೈಲಿನಲ್ಲಿ ಕ್ಲಾಸ್ ನಡೆದಾಗಲೂ ಈ ಟೀಚರ್ ಕಾಲು ತಟ್ಟಲು ಬಿಡಲಿಲ್ಲ. ನಿಮ್ಮ ಮನೆ ನೆಲ ನನಗೆ ಗೊತ್ತಿಲ್ಲ, ಕೈ ಮಾತ್ರ ಮಾಡಿ, ಬಾಯಲ್ಲಿ ತೈಯಾ ತೈ ಥರದ ಸೊಲ್ಲು ಹೇಳಿ ಅಂದರು. ಒಂದು ವರ್ಷ ನಮ್ಮ ಮನೆಯಲ್ಲಿ ಪತಾಕ, ತ್ರಿಪತಾಕ, ಅರ್ಧಪತಾಕ ಅಂತ ಒಂದೇ ಕೈಯಲ್ಲಿ ಹಿಡಿಯುವ ಇಪ್ಪತ್ತೆಂಟೂ ಹಸ್ತಗಳ, ಅಂದರೆ ಮುದ್ರೆಗಳ ಶ್ಲೋಕ ಸುಪ್ರಭಾತದ ಥರ ಕೇಳಿಸುತ್ತಿತ್ತು. ನನಗೂ ಬಾಯಿಪಾಠ ಆಗಿದೆ. ಸಿಗ್ನಲ್‌ನಲ್ಲಿ ನಿಂತಾಗ ಬೆರಳು ತಾನಾಗಿ ಮಡಚುತ್ತದೆ.

ಇನ್ನು ದುಡ್ಡಿನ ಮಾತು. ಪಾಂಪ್ಲೆಟಿನಲ್ಲಿ ಬರೆದಿರುವುದು ತಿಂಗಳ ಫೀಸು ಮಾತ್ರ. ನಮ್ಮ ಮೊದಲ ಕ್ಲಾಸಿನ ಲೆಕ್ಕ ನನ್ನ ಡೈರಿಯಲ್ಲಿ ಇದೆ. ಸೇರುವಾಗ 2,000. ತಿಂಗಳಿಗೆ 800. ದಸರಾ ಕಾರ್ಯಕ್ರಮಕ್ಕೆ ಡ್ರೆಸ್ 2,400, ಅದೂ ಅವರು ಹೇಳಿದ ಅಂಗಡಿಯಲ್ಲೇ. ಕಾರ್ಯಕ್ರಮದಲ್ಲಿ ಭಾಗವಹಿಸಲು 1,500. ಮೇಕಪ್‌ಗೆ 600. ಜೊತೆಗೆ ತಲಾ 200ರ ಟಿಕೆಟ್ ನಾಲ್ಕು ಕಡ್ಡಾಯ. ನನ್ನ ಮಗಳನ್ನು ನಾನು ನೋಡಲು ನಾನೇ ಟಿಕೆಟ್ ತೆಗೆದುಕೊಂಡೆ! ಸ್ಟೇಜ್ ಮೇಲೆ ಅವಳು ಇದ್ದದ್ದು ನಾಲ್ಕು ನಿಮಿಷ. ಮೂರನೇ ಸಾಲು. ಆ ಡ್ರೆಸ್ ಮುಂದಿನ ವರ್ಷಕ್ಕೆ ಹಿಡಿಸಲಿಲ್ಲ.

ಸೇರಿಸುವ ದಿನವೇ ವರ್ಷಕ್ಕೆ ಒಟ್ಟು ಎಷ್ಟಾಗುತ್ತೆ ಮೇಡಂ ಅಂತ ಕೇಳಿ, ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಭರತನಾಟ್ಯದ ಡ್ರೆಸ್ ಬಾಡಿಗೆಗೆ ಸಿಗುತ್ತದೆ. ದೊಡ್ಡ ಹುಡುಗಿಯರ ಹಳೇ ಡ್ರೆಸ್ ಕೂಡ ಸಿಗುತ್ತದೆ. ಹೊಲಿಸಲೇಬೇಕು ಅಂದರೆ ಒಳಗೆ ಬಟ್ಟೆ ಜಾಸ್ತಿ ಬಿಡಲು ಟೈಲರಿಗೆ ಹೇಳಿ, ಎರಡು ವರ್ಷ ಬಿಚ್ಚಿ ಬಿಚ್ಚಿ ಹಾಕಬಹುದು. ಗೆಜ್ಜೆಯನ್ನಂತೂ ಮೊದಲೇ ತರಬೇಡಿ. ನಾನು ಉತ್ಸಾಹದಲ್ಲಿ ದೇವರಾಜ ಮಾರ್ಕೆಟ್ ಹತ್ತಿರ ಒಂದು ಜೊತೆ ತಂದಿದ್ದೆ. ಅದು ಮೂರು ವರ್ಷ ದೇವರ ಮನೆಯಲ್ಲೇ ಕೂತಿತ್ತು. ಅಡವು ಗಟ್ಟಿಯಾದ ಮೇಲೆ ಟೀಚರೇ ಹೇಳಿ ಗೆಜ್ಜೆ ಪೂಜೆ ಮಾಡಿಸಿದರು. ಅವರ ಹಜಾರದಲ್ಲೇ, ಎರಡು ಡಜನ್ ಬಾಳೆಹಣ್ಣು, ಒಂದು ಮೊಳ ಮಲ್ಲಿಗೆ, ಐವತ್ತು ಜನರಿಗೆ ಕೇಸರಿಬಾತ್. ಮಗಳು ಅಲರಿಪ್ಪು ಅನ್ನುವ ಆರಂಭದ ನೃತ್ಯ ಮಾಡಿದಳು. ನಾನು ಅತ್ತೆ. ಆ ವಿಷಯ ಇಲ್ಲಿ ಬೇಡ.

ರಂಗಪ್ರವೇಶ, ಅಂದರೆ ಕಲಿತವರು ಒಬ್ಬರೇ ಸ್ಟೇಜ್ ಮೇಲೆ ಮಾಡುವ ಮೊದಲನೇ ಪೂರ್ತಿ ಕಾರ್ಯಕ್ರಮ, ಅದರದ್ದು ಬೇರೆಯೇ ಲೆಕ್ಕ. ಹಾಲ್ ಬಾಡಿಗೆ, ಹಾಡುವವರು, ಮೃದಂಗ, ಕೊಳಲು, ಅವರ ಪ್ರಾಕ್ಟೀಸ್ ದಿನಗಳ ಸಂಭಾವನೆ, ಎರಡು ಮೂರು ಡ್ರೆಸ್, ಒಡವೆ, ಮೇಕಪ್, ಹೂವು, ಇನ್ವಿಟೇಷನ್, ವಿಡಿಯೊ, ಅತಿಥಿಗಳಿಗೆ ಶಾಲು, ಬಂದವರಿಗೆ ಊಟ. ಸಣ್ಣ ಮದುವೆಯೇ. ನನ್ನ ಆಟೊದಲ್ಲಿ ಬರುತ್ತಿದ್ದ ಒಂದು ಹುಡುಗಿಯ ತಂದೆ ಅದಕ್ಕೆ ಸೊಸೈಟಿಯಲ್ಲಿ ಸಾಲ ಮಾಡಿದರು. ರಂಗಪ್ರವೇಶ ಆದ ಮೇಲೆ ಆ ಹುಡುಗಿ ಒಂದು ದಿನವೂ ಕ್ಲಾಸಿಗೆ ಹೋಗಲಿಲ್ಲ. ನಿಮ್ಮಲ್ಲಿ ಎಲ್ಲರೂ ರಂಗಪ್ರವೇಶ ಮಾಡಲೇಬೇಕಾ ಅಂತ ಸೇರಿಸುವಾಗಲೇ ಕೇಳುವುದು ಒಳ್ಳೆಯದು. ನಮ್ಮ ಟೀಚರ್ ಹೇಳಿದ್ದು, ಅದು ಕಲಿತದ್ದನ್ನು ತೋರಿಸುವ ದಿನ, ಕಲಿಯುವುದಕ್ಕೆ ಕೊಡುವ ಬಿಲ್ ಅಲ್ಲ ಅಂತ.

ಸರ್ಟಿಫಿಕೇಟ್ ಬಗ್ಗೆಯೂ ಒಂದು ಮಾತು. ನಮ್ಮ ರಾಜ್ಯದಲ್ಲಿ ನೃತ್ಯಕ್ಕೆ ಜೂನಿಯರ್, ಸೀನಿಯರ್, ವಿದ್ವತ್ ಅಂತ ಪರೀಕ್ಷೆಗಳಿವೆ. ಜೂನಿಯರ್‌ಗೂ ಕುಣಿತದ ಜೊತೆ ಬರವಣಿಗೆ ಪೇಪರ್ ಇದೆ. ಗಂಧರ್ವ ಮಹಾವಿದ್ಯಾಲಯ ಮಂಡಳದ ಪರೀಕ್ಷೆಗೂ ಕೆಲವರು ಕೂರಿಸುತ್ತಾರೆ. ಆದರೆ ಗೋಡೆಗೆ ಹಾಕುವ ಬಣ್ಣಬಣ್ಣದ ಸರ್ಟಿಫಿಕೇಟುಗಳಲ್ಲಿ ಎಷ್ಟೋ ಕ್ಲಾಸಿನವರೇ ಪ್ರಿಂಟ್ ಹಾಕಿಸಿದವು. ನಮ್ಮಲ್ಲೂ ಎರಡಿವೆ. ಯಾವ ಪರೀಕ್ಷೆಗೆ ಕೂರಿಸ್ತೀರಿ, ಹೋದ ವರ್ಷ ನಿಮ್ಮಿಂದ ಎಷ್ಟು ಮಕ್ಕಳು ಕೂತಿದ್ದರು ಅಂತ ಕೇಳಿದರೆ ಉತ್ತರದಲ್ಲೇ ಗೊತ್ತಾಗುತ್ತದೆ.

ಈಗ ಹೇಳುವುದು ಸ್ವಲ್ಪ ಕಷ್ಟದ ಮಾತು.

ಟ್ರಿಪ್ ಹೊಡೆಯುವವನಿಗೆ ಮಕ್ಕಳ ಮುಖ ಗೊತ್ತಾಗುತ್ತದೆ. ಹೋಗುವಾಗ ಹರಟುವ ಮಗು ಬರುವಾಗ ಸುಮ್ಮನಾದರೆ ಏನೋ ಆಗಿದೆ ಅಂತಲೇ ಅರ್ಥ. ಒಂಬತ್ತು ವರ್ಷದ ಒಂದು ಹುಡುಗಿ, ತುಂಬಾ ಚೂಟಿ. ಒಂದು ಸಂಜೆ ಹಿಂದಿನ ಸೀಟಿನಲ್ಲಿ ಮುದುಡಿ ಕೂತಿದ್ದಳು. ಎರಡು ಸಲ ಕೇಳಿದ ಮೇಲೆ ಹೇಳಿದಳು, "ಆಟೊ ಅಂಕಲ್, ನಾನು ಕಪ್ಪು ಅಂತೆ. ಹಿಂದಿನ ಸಾಲಲ್ಲಿ ನಿಲ್ಲು ಅಂದ್ರು, ಫೋಟೊದಲ್ಲಿ ಚೆನ್ನಾಗಿ ಕಾಣಲ್ಲ ಅಂತ." ಆ ಕ್ಲಾಸಿನಲ್ಲಿ ಅವಳಷ್ಟು ತಾಳ ಗಟ್ಟಿ ಇದ್ದವರು ಇನ್ನೊಬ್ಬರಿರಲಿಲ್ಲ. ನಾನು ಹೊರಗಿಂದ ಕೇಳಿದವನು, ನನಗೆ ಗೊತ್ತು. ಅವರ ಅಮ್ಮನಿಗೆ ಹೇಳಿದೆ. ಅವರು "ಇದೆಲ್ಲ ಇರುತ್ತೆ ಬಿಡಿ" ಅಂದರು. ಆರು ತಿಂಗಳಲ್ಲಿ ಹುಡುಗಿ ಬಿಟ್ಟಳು. ಇನ್ನೊಂದು ಕಡೆ ಒಬ್ಬ ಹುಡುಗ, ಒಬ್ಬನೇ ಹುಡುಗ, ಅವನನ್ನು ಟೀಚರೇ ಏನೇ ಹುಡುಗಿ ಅಂತ ಕರೆಯುತ್ತಿದ್ದರಂತೆ. ಅವನೂ ಬಿಟ್ಟ. ನಾಟ್ಯ ಕಲಿಸಿದ ಗಂಡು ಗುರುಗಳು ನಮ್ಮ ನಾಡಿನಲ್ಲಿ ಎಷ್ಟು ಜನ! ಬೆಂಗಳೂರಿನ ಯು.ಎಸ್. ಕೃಷ್ಣರಾವ್ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಲೇ ದೊಡ್ಡ ನರ್ತಕರಾಗಿದ್ದವರು.

ಒಂದು ದಿನ ಹೇಳದೆ ಕೇಳದೆ ಕ್ಲಾಸಿನ ಮಧ್ಯೆ ಹೋಗಿ. ಬಾಗಿಲು ತೆರೆದಿದೆಯಾ ನೋಡಿ. ಪೇರೆಂಟ್ಸ್ ಒಳಗೆ ಬರಬಾರದು ಅಂತ ರೂಲ್ಸ್ ಇದ್ದರೆ ಯಾಕೆ ಅಂತ ಕೇಳಿ. ಪಾಠದ ಮಧ್ಯೆ ಅಪ್ಪ ಅಮ್ಮ ಕೂತರೆ ಮಕ್ಕಳ ಗಮನ ಹೋಗುತ್ತದೆ, ಒಪ್ಪಿದೆ. ನಮ್ಮ ಟೀಚರ್ ತಿಂಗಳ ಕೊನೇ ಶನಿವಾರ ಎಲ್ಲರನ್ನೂ ಕೂರಿಸುತ್ತಾರೆ, ಮಿಕ್ಕ ದಿನ ಬಾಗಿಲು ತೆರೆದೇ ಇರುತ್ತದೆ. ಕೈಕಾಲು ತಿದ್ದುವಾಗ ಮಗುವನ್ನು ಮುಟ್ಟಬೇಕಾಗುತ್ತದೆ. ಎಲ್ಲಿ, ಹೇಗೆ, ಎಲ್ಲರ ಎದುರಿಗೇನಾ ಅನ್ನುವುದು ಮುಖ್ಯ. ಸ್ಪೆಷಲ್ ಕ್ಲಾಸ್ ಅಂತ ಒಂದೇ ಮಗುವನ್ನು ಬಾಗಿಲು ಹಾಕಿ ಕರೆದರೆ ಬೇಡ ಅನ್ನಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡಲು 2012ರಲ್ಲೇ ಪೋಕ್ಸೊ ಕಾಯ್ದೆ ಬಂದಿದೆ. ಮಕ್ಕಳ ಸಹಾಯವಾಣಿ 1098 ನನ್ನ ಆಟೊದಲ್ಲಿ ಸೀಟಿನ ಎದುರಿಗೇ ಅಂಟಿಸಿದ್ದೇನೆ.

ಹಾಡಿನ ಬಗ್ಗೆಯೂ ಕೇಳಿ. ಆರು ವರ್ಷದ ಮಗುವಿಗೆ ಸೊಂಟ ಕುಣಿಸುವ ಸಿನಿಮಾ ಹಾಡು ಕಲಿಸಿ, ತುಟಿಗೆ ಬಣ್ಣ ಮೆತ್ತಿ ನಿಲ್ಲಿಸುತ್ತಾರೆ. ನಾವು ಚಪ್ಪಾಳೆ ತಟ್ಟುತ್ತೇವೆ. ಟಿವಿ ಡ್ಯಾನ್ಸ್ ಶೋಗಳಲ್ಲಿ ಮಕ್ಕಳಿಂದ ಇಂಥದ್ದು ಮಾಡಿಸಬೇಡಿ ಅಂತ 2019ರ ಜೂನ್‌ನಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯವೇ ಚಾನೆಲ್‌ಗಳಿಗೆ ಹೇಳಿತ್ತು. ಬಡಾವಣೆ ಕ್ಲಾಸಿಗೆ ಹಾಗೆ ಹೇಳುವವರು ಅಪ್ಪ ಅಮ್ಮ ಅಲ್ಲದೆ ಇನ್ಯಾರು? ವೆಸ್ಟರ್ನ್ ಬೇಡ ಅಂತ ನಾನು ಹೇಳುತ್ತಿಲ್ಲ. ನನ್ನ ಆಟೊದ ಇಬ್ಬರು ಹುಡುಗರು ಹಿಪ್‌ಹಾಪ್ ಕಲಿಯುತ್ತಾರೆ. ಅವರ ಮೇಷ್ಟ್ರು ಹದಿನೈದು ನಿಮಿಷ ಮೈ ಬಿಸಿ ಮಾಡಿಸದೆ ಶುರುವೇ ಮಾಡುವುದಿಲ್ಲ, ಮ್ಯಾಟ್ ಹಾಸದೆ ಪಲ್ಟಿ ಹೊಡೆಸುವುದಿಲ್ಲ. ಭರತನಾಟ್ಯದವರೇ ಎಷ್ಟೋ ಜನ ಅಷ್ಟು ಜೋಪಾನ ಮಾಡುವುದಿಲ್ಲ.

ಮಗಳಿಗೆ ಈಗ ಹದಿನಾಲ್ಕು. ಜೂನಿಯರ್ ಪಾಸಾಗಿದೆ. ಈ ವರ್ಷ ಎಸ್ಸೆಸ್ಸೆಲ್ಸಿ. ಒಂಬತ್ತು, ಹತ್ತನೇ ಕ್ಲಾಸಿಗೆ ಬಂದ ಕೂಡಲೇ ಎಲ್ಲರೂ ಬಿಡಿಸುತ್ತಾರೆ. 2017ರಲ್ಲಿ ನನ್ನ ಆಟೊದಲ್ಲಿ ಡ್ಯಾನ್ಸಿಗೆ ಬರುತ್ತಿದ್ದ ಹನ್ನೊಂದು ಮಕ್ಕಳಲ್ಲಿ ಈಗ ಕುಣಿಯುತ್ತಿರುವವರು ಮೂವರು. ನಮ್ಮ ಮನೆಯಲ್ಲೂ ಮಾತಾಯಿತು. ಟೀಚರೇ ವಾರಕ್ಕೆ ಒಂದೇ ದಿನ ಬಾ, ಇದ್ದದ್ದು ಮರೆಯದಿದ್ದರೆ ಸಾಕು ಅಂದರು. ಫೀಸನ್ನೂ ಅರ್ಧ ಮಾಡಿದರು. ನಾವು ಕೇಳಿರಲಿಲ್ಲ.

ಹೋದ ವಾರ ರೈಲ್ವೆ ಸ್ಟೇಷನ್ ಹತ್ತಿರ ಒಂದು ಸಣ್ಣ ಸಂಸಾರ ಹತ್ತಿತು. ತಾಯಿಯ ಕೈಯಲ್ಲಿ ಅದೇ ಪಾಂಪ್ಲೆಟ್, ಮಡಿಲಲ್ಲಿ ಐದು ವರ್ಷದ ಹುಡುಗಿ. ಆ ಅಡ್ರೆಸ್ಸಿಗೇ ಬಿಡಲು ಹೇಳಿದರು. ಬಿಟ್ಟೆ. "ಅಮ್ಮಾ, ಫೀಸ್ ಕಟ್ಟೋ ಮುಂಚೆ ಮೇಲೆ ಹೋಗಿ ಚಪ್ಪಲಿ ಬಿಟ್ಟು ಒಂದು ಸಲ ಜೋರಾಗಿ ಕಾಲು ತಟ್ಟಿ ನೋಡಿ" ಅಂದೆ. ಸಂಪಿಗೆ ಮರದ ಮನೆಯ ಕ್ಲಾಸಿನ ವಿಷಯವನ್ನೂ ಹೇಳಿದೆ. ಅವರು ವಿಚಿತ್ರವಾಗಿ ನೋಡಿದರು. ಆಯಮ್ಮ ಹತ್ತಿದರು, ನಾನು ಮೀಟರ್ ನಿಲ್ಲಿಸಿ ಕಾದೆ. ಮೇಲಿಂದ ಒಂದೇ ಒಂದು ಸಲ ಚಟ್ ಅಂತ ಸದ್ದು ಬಂತು. ಇಳಿದು ಬಂದು, "ಸಂಪಿಗೆ ಮರ ಇರೋ ಮನೆ ಅಂತ ಯಾವುದೋ ಹೇಳಿದ್ರಲ್ಲ, ಅದು ಎಲ್ಲಿ ಬರುತ್ತೆ?" ಅಂದರು.

ಹೆಸರು ಹಾಕಬೇಡಿ ಸಾರ್. ನಮ್ಮ ಟೀಚರಿಗೆ ಪ್ರಚಾರ ಇಷ್ಟ ಆಗುವುದಿಲ್ಲ, ಈಗಲೇ ಹಜಾರ ತುಂಬಿದೆ. ಆ ಇನ್ನೊಂದು ಕ್ಲಾಸಿನ ಮಕ್ಕಳೂ ನನ್ನ ಆಟೊದಲ್ಲೇ ಬರುತ್ತಾರೆ.

ಇತಿ,
ಒಬ್ಬ ಆಟೊ ಚಾಲಕ, ಕುವೆಂಪುನಗರ, ಮೈಸೂರು